ಚರ್ಮದ ಮೇಲಿಂದ ಆಮ್ಲಜನಕದ ಅಳತೆ: ಪಾದಕ್ಕೆ ರಕ್ತ ತಲುಪುತ್ತಿದೆಯೇ?



ಕೊರೊನಾ ಸೋಂಕಿನ ದಿನಗಳಲ್ಲಿ ನಮ್ಮ ಅನೇಕ ಮನೆಗಳಿಗೆ ಒಂದು ಪುಟ್ಟ ಉಪಕರಣ ಬಂದಿತು. ಬೆರಳಿನ ತುದಿಗೆ ಸಿಕ್ಕಿಸಿದೊಡನೆ 97, 98 ಎಂದು ಅಂಕಿ ತೋರಿಸುವ ಪಲ್ಸ್ ಆಕ್ಸಿಮೀಟರ್ ಅದು. ಆಗ ಆ ಅಂಕಿ ಅನೇಕರ ಜೀವ ಉಳಿಸಿತು. ಈಗಲೂ ಅದು ಔಷಧಿಗಳ ಡಬ್ಬಿಯಲ್ಲಿದೆ. ಕಾಲಿನಲ್ಲಿ ಮಾಯದ ಗಾಯವಿರುವ ಹಿರಿಯರು ಕೆಲವರು ಅದನ್ನು ಬೆರಳಿಗೆ ಹಾಕಿಕೊಂಡು, 98 ಎಂಬ ಅಂಕಿಯನ್ನು ಕಂಡು, “ಮೈಯಲ್ಲಿ ಆಮ್ಲಜನಕ ಸಾಕಷ್ಟಿದೆ, ಗಾಯ ತಾನಾಗಿಯೇ ಮಾಯುತ್ತದೆ” ಎಂದು ಸಮಾಧಾನಪಟ್ಟುಕೊಳ್ಳುವುದುಂಟು.

ಈ ಸಮಾಧಾನಕ್ಕೆ ಆಧಾರವಿಲ್ಲ. ಬೆರಳಿನಲ್ಲಿ 98 ಇರುವಾಗಲೇ ಪಾದದ ಚರ್ಮವು ಆಮ್ಲಜನಕವಿಲ್ಲದೆ ಹಸಿದಿರಬಹುದು. ಆ ಹಸಿವನ್ನು ಅಳೆಯುವ ಪರೀಕ್ಷೆ ಬೇರೆಯೇ ಇದೆ. ಸೂಜಿ ಚುಚ್ಚದೆ, ರಕ್ತ ತೆಗೆಯದೆ, ಚರ್ಮದ ಮೇಲೆ ಒಂದು ಬಿಲ್ಲೆಯನ್ನಿಟ್ಟು, ಚರ್ಮದ ಮೂಲಕ ಹೊರಸೂಸುವ ಆಮ್ಲಜನಕವನ್ನು ಅಳೆದು, ಆ ಭಾಗಕ್ಕೆ ರಕ್ತಸಂಚಾರ ಎಷ್ಟಿದೆ ಎಂದು ಅಂದಾಜು ಮಾಡುವ ಪರೀಕ್ಷೆ ಅದು. ವೈದ್ಯರು ಇದನ್ನು ಟ್ರಾನ್ಸ್‌ಕ್ಯುಟೇನಿಯಸ್ ಆಕ್ಸಿಮೆಟ್ರಿ ಎಂದೂ, ಚೀಟಿಯಲ್ಲಿ ಚಿಕ್ಕದಾಗಿ ಟಿಸಿಪಿಓ2 ಎಂದೂ ಬರೆಯುತ್ತಾರೆ. ನಾವು ಇದನ್ನು ‘ಚರ್ಮದ ಆಮ್ಲಜನಕ ಪರೀಕ್ಷೆ’ ಎಂದು ಕರೆಯೋಣ. ಒಂದು ಬೆರಳು ಉಳಿಯುವುದೇ, ಒಂದು ಕಾಲು ಉಳಿಯುವುದೇ ಎಂಬ ಪ್ರಶ್ನೆ ಎದುರಾದಾಗ ನೆರವಿಗೆ ಬರುವ ಈ ಪರೀಕ್ಷೆಯನ್ನು ಕುರಿತು ಈ ಸಂಚಿಕೆಯಲ್ಲಿ ತಿಳಿದುಕೊಳ್ಳೋಣ.

ಬೆರಳಿನ ಅಂಕಿ, ಪಾದದ ಅಂಕಿ

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಸುಲಭ. ಜಲಾಶಯ ತುಂಬಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಕಾಲುವೆಯ ಕೊನೆಯ ಭಾಗದ ಹೊಲಕ್ಕೆ ನೀರು ಬಂದಿದೆಯೇ ಎಂಬುದನ್ನು ಆ ಸುದ್ದಿ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಕೊನೆಯ ಭಾಗದಲ್ಲಿಯೇ ನಿಂತು ಗೇಜ್ ನೋಡಬೇಕು.

ಪಲ್ಸ್ ಆಕ್ಸಿಮೀಟರ್ ಹೇಳುವುದು ಜಲಾಶಯದ ಸುದ್ದಿಯನ್ನು. ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ನೂರು ಪಾಲಿನಲ್ಲಿ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆ ಎಂಬುದಷ್ಟೇ ಅದರ ಉತ್ತರ. ಶ್ವಾಸಕೋಶಗಳು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿವೆಯೇ ಎಂಬುದು ಅದರಿಂದ ತಿಳಿಯುತ್ತದೆ. ಆ ರಕ್ತವು ಪಾದದವರೆಗೆ ಎಷ್ಟು ಪ್ರಮಾಣದಲ್ಲಿ ಹರಿಯುತ್ತಿದೆ ಎಂಬುದು ತಿಳಿಯುವುದಿಲ್ಲ. ಕಾಲಿನ ಅಪಧಮನಿ ಮುಕ್ಕಾಲು ಭಾಗ ಮುಚ್ಚಿದ್ದರೂ, ಅಲ್ಲಿ ತೊಟ್ಟಿಕ್ಕುವ ರಕ್ತವು ಆಮ್ಲಜನಕದಿಂದ ತುಂಬಿಯೇ ಇರುತ್ತದೆ. ಕೊರತೆ ಇರುವುದು ರಕ್ತದ ಗುಣದಲ್ಲಲ್ಲ, ಅದರ ಹರಿವಿನಲ್ಲಿ.

ಚರ್ಮದ ಆಮ್ಲಜನಕ ಪರೀಕ್ಷೆಯು ಕೊನೆಯ ಹೊಲದ ಗೇಜ್ ಇದ್ದಂತೆ. ಲೋಮನಾಳಗಳ ಮೂಲಕ ಬಂದ ಆಮ್ಲಜನಕದಲ್ಲಿ ಚರ್ಮದ ಜೀವಕೋಶಗಳು ತಮಗೆ ಬೇಕಾದುದನ್ನು ಬಳಸಿಕೊಂಡ ಮೇಲೆ ಉಳಿದು ಹೊರಸೂಸುವ ಆಮ್ಲಜನಕದ ಒತ್ತಡವನ್ನು ಅದು ಅಳೆಯುತ್ತದೆ. ಒಳಹರಿವು ಚೆನ್ನಾಗಿದ್ದರೆ ಉಳಿಕೆ ಇರುತ್ತದೆ. ಒಳಹರಿವು ಬಡವಾದರೆ ಬಂದದ್ದೆಲ್ಲ ಅಲ್ಲಿಯೇ ಖರ್ಚಾಗಿ ಉಳಿಕೆ ಕುಸಿಯುತ್ತದೆ. ಈ ಉಳಿಕೆಯನ್ನು ರಕ್ತದ ಒತ್ತಡದಂತೆಯೇ ಪಾದರಸದ ಮಿಲಿಮೀಟರ್‌ಗಳಲ್ಲಿ ಹೇಳುತ್ತಾರೆ. ಆದುದರಿಂದ ಬೆರಳಿನ 98ನ್ನೂ ಪಾದದ 50ನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು. ಅವು ಎರಡು ಬೇರೆ ಬೇರೆ ಅಳತೆಗಳು.

ಪಾದಕ್ಕೇ ಏಕೆ ಇಷ್ಟು ಚಿಂತೆ?

ಹೃದಯದಿಂದ ಅತಿ ದೂರದಲ್ಲಿರುವ ಅವಯವ ಪಾದ. ದಿನವಿಡೀ ಮೈಭಾರವನ್ನು ಹೊರುವುದೂ ಅದೇ. ಮಧುಮೇಹವು ಹಲವು ವರ್ಷಗಳ ಕಾಲ ಹತೋಟಿ ತಪ್ಪಿದ್ದರೆ ಪಾದಕ್ಕೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಮೊದಲನೆಯದು ನರಗಳಿಗೆ. ನೋವು, ಬಿಸಿ, ತಣ್ಣಗೆ ಎಂಬ ಅರಿವು ಮೆಲ್ಲನೆ ಮಾಸುತ್ತದೆ. ಚಪ್ಪಲಿಯ ಉಂಗುಷ್ಠ ತಿಕ್ಕಿ ಚರ್ಮ ಕಿತ್ತುಹೋದರೂ, ಮುಳ್ಳು ನೆಟ್ಟರೂ ತಿಳಿಯುವುದಿಲ್ಲ. ಎರಡನೆಯದು ಅಪಧಮನಿಗಳಿಗೆ. ಅವುಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ, ಸುಣ್ಣ ಕಟ್ಟಿ, ದಾರಿ ಕಿರಿದಾಗುತ್ತದೆ. ಬೀಡಿ, ಸಿಗರೇಟು, ತಂಬಾಕು, ಅಧಿಕ ರಕ್ತದೊತ್ತಡ ಮತ್ತು ಕೊಲೆಸ್ಟ್ರಾಲ್ ಈ ಕೆಡುಕನ್ನು ಇನ್ನಷ್ಟು ಬೇಗ ತರುತ್ತವೆ.

ರಕ್ತ ಕಡಿಮೆಯಾದ ಕಾಲು ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಮುಂದಿನ ಹಂತದಲ್ಲಿ ರಾತ್ರಿ ಮಲಗಿದಾಗ ಪಾದ ನೋಯುತ್ತದೆ, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಹಿತವೆನಿಸುತ್ತದೆ. ಆದರೆ ನರಗಳು ಜಡವಾಗಿರುವ ಮಧುಮೇಹಿಯಲ್ಲಿ ಈ ನೋವೇ ಕಾಣಿಸದೆ ಹೋಗಬಹುದು. ಅಂಥವರಿಗೆ ಮೊದಲ ಸೂಚನೆಯೇ ಮಾಯದ ಗಾಯ ಅಥವಾ ಕಪ್ಪಾದ ಬೆರಳು. ನೋವಿಲ್ಲದ ಗಾಯ ಚಿಕ್ಕ ಗಾಯ ಎಂದು ಭಾವಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಗಾಯ ಮಾಯಲು ಹೊಸ ಚರ್ಮ, ಹೊಸ ರಕ್ತನಾಳ, ಹೊಸ ಅಂಗಾಂಶ ಹುಟ್ಟಬೇಕು. ಕ್ರಿಮಿಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು ದುಡಿಯಬೇಕು. ಇವೆಲ್ಲಕ್ಕೂ ಆಮ್ಲಜನಕ ಬೇಕು. ಆರೋಗ್ಯವಂತ ಚರ್ಮವನ್ನು ಕಾಪಾಡಲು ಬೇಕಾಗುವುದಕ್ಕಿಂತ ಹೆಚ್ಚು ರಕ್ತ, ಒಡೆದ ಚರ್ಮವನ್ನು ಕೂಡಿಸಲು ಬೇಕು. ಅದಕ್ಕಾಗಿಯೇ ಗಾಯವಿಲ್ಲದಿದ್ದಾಗ ಹೇಗೋ ನಿಭಾಯಿಸಿಕೊಂಡಿದ್ದ ಪಾದ, ಒಂದು ಸಣ್ಣ ಗಾಯವಾದೊಡನೆ ಸೋತುಬಿಡುತ್ತದೆ.

ನಾಡಿ, ಪಟ್ಟಿ ಮತ್ತು ಅವುಗಳ ಮಿತಿ

ಪಾದದ ರಕ್ತಸಂಚಾರವನ್ನು ತಿಳಿಯುವ ಮೊದಲ ಸಾಧನ ವೈದ್ಯರ ಬೆರಳುಗಳೇ. ಪಾದದ ಮೇಲ್ಭಾಗದಲ್ಲಿಯೂ ಒಳಗಣಕಾಲಿನ ಹಿಂಬದಿಯಲ್ಲಿಯೂ ನಾಡಿ ಬಡಿಯುತ್ತದೆಯೇ ಎಂದು ಅವರು ಮುಟ್ಟಿ ನೋಡುತ್ತಾರೆ. ಎರಡನೆಯದು ಪಟ್ಟಿಯ ಪರೀಕ್ಷೆ. ಕಣಕಾಲಿಗೆ ರಕ್ತದೊತ್ತಡದ ಪಟ್ಟಿಯನ್ನು ಸುತ್ತಿ, ಡಾಪ್ಲರ್ ಎಂಬ ಉಪಕರಣದಿಂದ ನಾಡಿಯ ಸದ್ದನ್ನು ಆಲಿಸಿ, ಅಲ್ಲಿ ದೊರೆತ ಮೇಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಸಾಮಾನ್ಯವಾಗಿ ಈ ಭಾಗಲಬ್ಧವು 1ರಿಂದ 1.3ರ ಆಸುಪಾಸಿನಲ್ಲಿರುತ್ತದೆ. 0.9ಕ್ಕಿಂತ ಕಡಿಮೆಯಾದರೆ ಕಾಲಿನ ಅಪಧಮನಿ ಕಿರಿದಾಗಿದೆ ಎಂದು ಅರ್ಥ.

ಇದು ಸರಳವಾದ, ಉತ್ತಮವಾದ, ಕಡಿಮೆ ಖರ್ಚಿನ ಪರೀಕ್ಷೆ. ಆದರೆ ಮಧುಮೇಹಿಗಳಲ್ಲಿ ಇದು ಕೆಲವೊಮ್ಮೆ ಮೋಸ ಮಾಡುತ್ತದೆ. ಅಪಧಮನಿಯ ಗೋಡೆಯಲ್ಲಿ ಸುಣ್ಣ ಕಟ್ಟಿ ಅದು ಗಟ್ಟಿ ಕೊಳವೆಯಂತಾಗಿದ್ದರೆ, ಪಟ್ಟಿ ಎಷ್ಟು ಬಿಗಿದರೂ ಅದು ಅದುಮಿಕೊಳ್ಳುವುದಿಲ್ಲ. ಆಗ ಭಾಗಲಬ್ಧವು 1.4ನ್ನೂ ಮೀರಿ, ರಕ್ತ ಧಾರಾಳವಾಗಿ ಹರಿಯುತ್ತಿರುವಂತೆ ತೋರುತ್ತದೆ. ವಾಸ್ತವದಲ್ಲಿ ಅದು ಕೊಳವೆಯ ಗಡಸುತನವೇ ಹೊರತು ರಕ್ತದ ಸಮೃದ್ಧಿಯಲ್ಲ. ಇಂತಹ ಸಂದರ್ಭದಲ್ಲಿ ಕಾಲ್ಬೆರಳಿನ ರಕ್ತದೊತ್ತಡವನ್ನು ಅಳೆಯುವುದು ಒಂದು ದಾರಿ, ಚರ್ಮದ ಆಮ್ಲಜನಕವನ್ನು ಅಳೆಯುವುದು ಇನ್ನೊಂದು ದಾರಿ. ಕೊಳವೆ ಗಟ್ಟಿಯಾಗಿರಲಿ, ಮೆತ್ತಗಿರಲಿ, ಕೊನೆಗೆ ಚರ್ಮಕ್ಕೆ ತಲುಪಿದ್ದೆಷ್ಟು ಎಂಬುದನ್ನೇ ಈ ಪರೀಕ್ಷೆ ಕೇಳುತ್ತದೆ.

ಪರೀಕ್ಷೆ ಬೆಳೆದು ಬಂದ ಬಗೆ

ಚರ್ಮದ ಮೂಲಕ ಆಮ್ಲಜನಕ ಹಾದುಹೋಗುತ್ತದೆ ಎಂಬ ಅರಿವು 19ನೆಯ ಶತಮಾನದ್ದು. ಆದರೆ ಸಾಮಾನ್ಯ ಸ್ಥಿತಿಯಲ್ಲಿ ಚರ್ಮದ ಹೊರಮೈಗೆ ಬರುವ ಆಮ್ಲಜನಕ ತೀರ ಅತ್ಯಲ್ಪ, ಬಹುತೇಕ ಸೊನ್ನೆಯೇ. 1951ರಲ್ಲಿ ಬಾಂಬರ್ಗರ್ ಮತ್ತು ಗುಡ್‌ಫ್ರೆಂಡ್ ಎಂಬ ಸಂಶೋಧಕರು, ಸುಮಾರು 45 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ ದ್ರವದಲ್ಲಿ ಬೆರಳನ್ನು ಅದ್ದಿದರೆ, ಆ ದ್ರವದ ಆಮ್ಲಜನಕವು ಅಪಧಮನಿಯ ರಕ್ತದ ಆಮ್ಲಜನಕಕ್ಕೆ ಸಮೀಪವಾಗುತ್ತದೆ ಎಂದು ತೋರಿಸಿದರು. ಶಾಖದಿಂದ ಲೋಮನಾಳಗಳು ಅರಳುತ್ತವೆ, ಚರ್ಮದ ಮೇಲ್ಪದರವು ಆಮ್ಲಜನಕಕ್ಕೆ ಸುಲಭವಾಗಿ ದಾರಿ ಬಿಡುತ್ತದೆ. ಇಡೀ ಪರೀಕ್ಷೆಯ ಗುಟ್ಟು ಈ ಶಾಖದಲ್ಲಿದೆ.

ಅದೇ ದಶಕದಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಅವರು ಪ್ಲಾಟಿನಂ ಮತ್ತು ಬೆಳ್ಳಿಯಿಂದ ಕೂಡಿದ, ತೆಳುಪೊರೆಯಿಂದ ಮುಚ್ಚಿದ ಒಂದು ಎಲೆಕ್ಟ್ರೋಡನ್ನು ರೂಪಿಸಿದರು. ಪೊರೆಯನ್ನು ದಾಟಿ ಬಂದ ಆಮ್ಲಜನಕವು ಪ್ಲಾಟಿನಂನ ಮೇಲೆ ರಾಸಾಯನಿಕ ಬದಲಾವಣೆ ಹೊಂದಿದಾಗ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆಮ್ಲಜನಕ ಹೆಚ್ಚಾದಂತೆ ಪ್ರವಾಹವೂ ಹೆಚ್ಚುತ್ತದೆ. 1970ರ ದಶಕದ ಆರಂಭದಲ್ಲಿ ಜರ್ಮನಿಯ ಲ್ಯೂಬರ್ಸ್ ಹಾಗೂ ಹೂಖ್ ದಂಪತಿಗಳು ಈ ಎಲೆಕ್ಟ್ರೋಡಿಗೆ ಶಾಖವನ್ನು ಜೋಡಿಸಿ, ಚರ್ಮಕ್ಕೆ ಅಂಟಿಸಬಹುದಾದ ಉಪಕರಣವನ್ನು ಸಿದ್ಧಗೊಳಿಸಿದರು.

ಮೊದಲು ಇದರ ಪ್ರಯೋಜನ ಪಡೆದವರು ದಿನ ತುಂಬುವ ಮೊದಲೇ ಹುಟ್ಟಿದ ಹಸುಗೂಸುಗಳು. ಅವರಿಗೆ ಆಮ್ಲಜನಕ ಕಡಿಮೆಯಾದರೆ ಮಿದುಳಿಗೆ ಅಪಾಯ, ಹೆಚ್ಚಾದರೆ ಕಣ್ಣಿಗೆ ಅಪಾಯ. ಪದೇ ಪದೇ ಚುಚ್ಚಿ ರಕ್ತ ತೆಗೆಯದೆ ಈ ಸಮತೋಲವನ್ನು ಕಾಯಲು ಚರ್ಮದ ಎಲೆಕ್ಟ್ರೋಡ್ ನೆರವಾಯಿತು. ಆದರೆ ಅದಕ್ಕೊಂದು ಕೊರತೆ ಇತ್ತು. ಮಗುವಿನ ರಕ್ತಸಂಚಾರ ಕುಗ್ಗಿದಾಗ, ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಉಪಕರಣವು ಕಡಿಮೆ ಅಂಕಿಯನ್ನು ತೋರಿಸುತ್ತಿತ್ತು. ಮುಂದೆ ಪಲ್ಸ್ ಆಕ್ಸಿಮೀಟರ್ ಬಂದು ಆ ಕೆಲಸದ ಬಹುಭಾಗವನ್ನು ವಹಿಸಿಕೊಂಡಿತು. ಹಸುಗೂಸಿನಲ್ಲಿ ಕೊರತೆ ಎನಿಸಿದ್ದೇ ಕಾಲಿನ ವೈದ್ಯರಿಗೆ ವರವಾಯಿತು. ರಕ್ತದ ಹರಿವು ಕುಗ್ಗಿದರೆ ಅಂಕಿಯೂ ಕುಗ್ಗುವುದಾದರೆ, ಹರಿವನ್ನು ಅಳೆಯಲು ಇದನ್ನೇ ಬಳಸಬಹುದಲ್ಲವೇ?

ಪರೀಕ್ಷೆ ನಡೆಯುವ ಕ್ರಮ

ಪರೀಕ್ಷೆಗೆ ಉಪವಾಸದ ಅಗತ್ಯವಿಲ್ಲ. ಆದರೆ ಅಂದು ಬೀಡಿ, ಸಿಗರೇಟು ಸೇದಿರಬಾರದು. ಕಾಫಿ, ಚಹಾ ಕುಡಿದು ಒಡನೆಯೇ ಹೋಗದಿರುವುದು ಒಳ್ಳೆಯದು. ಬೆಚ್ಚಗಿನ ಕೊಠಡಿಯಲ್ಲಿ ರೋಗಿಯನ್ನು ಅಂಗಾತ ಮಲಗಿಸಿ, ಕಾಲಿಗೆ ಹೊದಿಕೆ ಹೊದಿಸಿ, ಸ್ವಲ್ಪ ಹೊತ್ತು ವಿಶ್ರಾಂತಿ ಕೊಡುತ್ತಾರೆ. ಚಳಿಯಿಂದ ಚರ್ಮದ ರಕ್ತನಾಳಗಳು ಮುದುಡಿದರೆ ಅಂಕಿ ತಪ್ಪಾಗುತ್ತದೆ.

ಅನಂತರ ಚರ್ಮವನ್ನು ಶುಚಿಗೊಳಿಸಿ, ಕೂದಲಿದ್ದರೆ ತೆಗೆದು, ಅಂಟುಪಟ್ಟಿಯಿಂದ ಮೇಲಿನ ಸತ್ತ ಚರ್ಮದ ಹೊಟ್ಟನ್ನು ನಿವಾರಿಸುತ್ತಾರೆ. ಬಳೆಯಾಕಾರದ ಅಂಟುಬಿಲ್ಲೆಯನ್ನು ಹಚ್ಚಿ, ಅದರ ನಡುವೆ ಒಂದೆರಡು ಹನಿ ದ್ರವವನ್ನು ಹಾಕಿ, ಎಲೆಕ್ಟ್ರೋಡನ್ನು ಕೂರಿಸುತ್ತಾರೆ. ಗಾಳಿ ನುಸುಳಬಾರದು, ಏಕೆಂದರೆ ಗಾಳಿಯಲ್ಲಿಯೇ ಧಾರಾಳ ಆಮ್ಲಜನಕವಿದೆ. ಒಂದು ಎಲೆಕ್ಟ್ರೋಡನ್ನು ಎದೆಯ ಮೇಲೆ, ಕಾಲರ್ ಎಲುಬಿನ ಕೆಳಗೆ ಇಡುತ್ತಾರೆ. ಉಳಿದವುಗಳನ್ನು ಪಾದದ ಮೇಲ್ಭಾಗದಲ್ಲಿ, ಗಾಯದ ಸಮೀಪದಲ್ಲಿ, ಬೇಕಾದರೆ ಮೊಣಕಾಲಿನ ಕೆಳಗೆ ಇಡುತ್ತಾರೆ. ಗಾಯದ ಮೇಲೆಯೇ ಆಗಲಿ, ಎಲುಬು ಉಬ್ಬಿದ ಕಡೆಯಾಗಲಿ, ದಪ್ಪ ಚರ್ಮದ ಅಂಗಾಲಿನಲ್ಲಾಗಲಿ ಇಡುವುದಿಲ್ಲ.

ಎಲೆಕ್ಟ್ರೋಡ್ ಚರ್ಮವನ್ನು ಸುಮಾರು 44ರಿಂದ 45 ಡಿಗ್ರಿವರೆಗೆ ಬಿಸಿ ಮಾಡುತ್ತದೆ. ಅಂಕಿ ಸ್ಥಿರವಾಗಲು 15ರಿಂದ 20 ನಿಮಿಷ ಬೇಕು. ಆ ಬಳಿಕ ಕೆಲವೊಮ್ಮೆ ಕಾಲನ್ನು ಮೇಲೆತ್ತಿ ಅಂಕಿ ಎಷ್ಟು ಇಳಿಯುತ್ತದೆ ಎಂದೂ, ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ಸುಮಾರು 10 ನಿಮಿಷ ಉಸಿರಾಡಿಸಿ ಅಂಕಿ ಎಷ್ಟು ಏರುತ್ತದೆ ಎಂದೂ ನೋಡುತ್ತಾರೆ. ಇದರಲ್ಲಿ ನೋವಿಲ್ಲ. ಬೆಚ್ಚನೆಯ ಅನುಭವವಷ್ಟೇ. ಬಿಲ್ಲೆ ಇಟ್ಟ ಕಡೆ ಕೆಂಪು ವೃತ್ತವೊಂದು ಉಳಿದು, ತಾನಾಗಿ ಮರೆಯಾಗುತ್ತದೆ. ತೀರ ತೆಳುವಾದ ಚರ್ಮದವರಲ್ಲಿ ಅಪರೂಪಕ್ಕೆ ಸಣ್ಣ ಬೊಬ್ಬೆ ಏಳಬಹುದು. ಆದುದರಿಂದ ಪರೀಕ್ಷೆ ಮಾಡುವವರಿಗೆ ನಿಮ್ಮ ಚರ್ಮದ ಸ್ಥಿತಿಯನ್ನು ಮೊದಲೇ ತಿಳಿಸಿರಿ.

ಅಂಕಿಗಳ ಅರ್ಥ

ಆರೋಗ್ಯವಂತರ ಪಾದದಲ್ಲಿ ಈ ಅಂಕಿ ಸಾಮಾನ್ಯವಾಗಿ 50 ಮಿಲಿಮೀಟರ್‌ಗಿಂತ ಮೇಲಿರುತ್ತದೆ. ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘವು 2014ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ, ಗಾಯವಿರುವ ಕಾಲಿನ ರಕ್ತಕೊರತೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ. 60 ಅಥವಾ ಅದಕ್ಕಿಂತ ಮೇಲಿದ್ದರೆ ಕೊರತೆ ಇಲ್ಲ. 40ರಿಂದ 59ರವರೆಗೆ ಅಲ್ಪ ಕೊರತೆ. 30ರಿಂದ 39ರವರೆಗೆ ಮಧ್ಯಮ ಕೊರತೆ. 30ಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ. ಮಧುಮೇಹಿ ಪಾದದ ಅಂತಾರಾಷ್ಟ್ರೀಯ ಮಾರ್ಗಸೂಚಿಯು ಇನ್ನೊಂದು ಗೆರೆಯನ್ನು ಎಳೆದಿದೆ. ಪಾದದಲ್ಲಿ ಗಾಯವಿದ್ದು ಅಂಕಿ 25ಕ್ಕಿಂತ ಕಡಿಮೆ ಇದ್ದರೆ, ತಡಮಾಡದೆ ರಕ್ತನಾಳಗಳ ಚಿತ್ರ ತೆಗೆಸಿ, ಮುಚ್ಚಿದ ದಾರಿಯನ್ನು ತೆರೆಯುವ ವಿಚಾರ ಮಾಡಬೇಕು.

ಎದೆಯ ಮೇಲೆ ಇನ್ನೊಂದು ಎಲೆಕ್ಟ್ರೋಡ್ ಏಕೆ ಎಂಬ ಪ್ರಶ್ನೆ ಬರಬಹುದು. ಶ್ವಾಸಕೋಶದ ಅಥವಾ ಹೃದಯದ ಕಾಯಿಲೆ ಇರುವವರಲ್ಲಿ ಎದೆಯ ಅಂಕಿಯೂ ಕಡಿಮೆ ಇರುತ್ತದೆ. ಆಗ ದೋಷ ಜಲಾಶಯದಲ್ಲಿಯೇ ಇದೆ ಎಂದಾಯಿತು. ಎದೆಯ ಅಂಕಿ ಚೆನ್ನಾಗಿದ್ದು ಪಾದದ್ದು ಮಾತ್ರ ಕುಸಿದಿದ್ದರೆ ದೋಷ ಕಾಲುವೆಯಲ್ಲಿದೆ. ಹಾಗೆಯೇ ಶುದ್ಧ ಆಮ್ಲಜನಕವನ್ನು ಉಸಿರಾಡಿದಾಗ ಪಾದದ ಅಂಕಿ ಬಹಳವಾಗಿ ಏರಿದರೆ, ದೊಡ್ಡ ರಕ್ತನಾಳಗಳು ತೆರೆದಿದ್ದು, ಬಾವು ಮುಂತಾದ ಸ್ಥಳೀಯ ಅಡ್ಡಿಯಿಂದ ಅಂಕಿ ಇಳಿದಿರಬಹುದು ಎಂದು ಊಹಿಸುತ್ತಾರೆ. ಏರದೆ ಅಲ್ಲಿಯೇ ನಿಂತರೆ ರಕ್ತನಾಳ ಮುಚ್ಚಿರುವ ಸಂಶಯ ಬಲವಾಗುತ್ತದೆ.

ಒಂದು ಉದಾಹರಣೆ

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಿಕೊಳ್ಳೋಣ. 62 ವರ್ಷದ ರೈತರೊಬ್ಬರು ಇದ್ದಾರೆಂದುಕೊಳ್ಳಿ. 14 ವರ್ಷಗಳಿಂದ ಮಧುಮೇಹ. ಹೊಸ ಚಪ್ಪಲಿ ತಿಕ್ಕಿ ಕಿರುಬೆರಳಿಗೆ ಗಾಯವಾಗಿ ಆರು ವಾರ ಕಳೆದಿದೆ. ಬೆರಳಿನ ತುದಿ ಕಪ್ಪಾಗಿದೆ. ಜ್ವರವಿಲ್ಲ, ಕೀವು ಏರಿಲ್ಲ. ಕಣಕಾಲಿನ ಪಟ್ಟಿಯ ಪರೀಕ್ಷೆ 1.5 ಎಂದಿದೆ. “ರಕ್ತ ಚೆನ್ನಾಗಿಯೇ ಬರುತ್ತಿದೆ, ಬೆರಳು ತೆಗೆದುಬಿಟ್ಟರೆ ಮುಗಿಯಿತು” ಎಂದು ಮನೆಯವರು ತೀರ್ಮಾನಿಸಿದ್ದಾರೆ.

ಚರ್ಮದ ಆಮ್ಲಜನಕ ಪರೀಕ್ಷೆಯಲ್ಲಿ ಎದೆಯಲ್ಲಿ 64, ಪಾದದಲ್ಲಿ 18 ಬರುತ್ತದೆ. ಕಾಲೆತ್ತಿದಾಗ 9ಕ್ಕೆ ಇಳಿಯುತ್ತದೆ. ಆಮ್ಲಜನಕ ಕೊಟ್ಟರೂ 24ರ ಮೇಲೆ ಏರುವುದಿಲ್ಲ. ಈಗ ಚಿತ್ರ ತಿಳಿಯಾಯಿತು. 1.5 ಎಂಬುದು ಗಟ್ಟಿಯಾದ ಕೊಳವೆಯ ಸುಳ್ಳು. ಪಾದ ಹಸಿದಿದೆ. ಈ ಸ್ಥಿತಿಯಲ್ಲಿ ಬೆರಳನ್ನು ಕತ್ತರಿಸಿದರೆ, ಕತ್ತರಿಸಿದ ಜಾಗವೂ ಒಂದು ಹೊಸ ಗಾಯವೇ ಅಲ್ಲವೇ? ಅದಕ್ಕೂ ಆಮ್ಲಜನಕ ಬೇಕು. ಸಿಗದಿದ್ದರೆ ಅದೂ ಕಪ್ಪಾಗುತ್ತದೆ. ಆಗ ಅರ್ಧ ಪಾದ, ಆಮೇಲೆ ಮೊಣಕಾಲಿನ ಕೆಳಗೆ, ಕೊನೆಗೆ ಮೊಣಕಾಲಿನ ಮೇಲೆ ಎಂದು ಕತ್ತರಿ ಏರುತ್ತಲೇ ಹೋಗುತ್ತದೆ.

ಅದರ ಬದಲು ಮೊದಲು ಆಂಜಿಯೋಗ್ರಾಂ ಮಾಡಿ, ಮೊಣಕಾಲಿನ ಕೆಳಗೆ ಮುಚ್ಚಿದ ಅಪಧಮನಿಯನ್ನು ಬಲೂನಿನಿಂದ ತೆರೆಯುತ್ತಾರೆ ಎಂದುಕೊಳ್ಳೋಣ. ಹೀಗೆ ತೆರೆದ ಮೇಲೆ ಚರ್ಮದ ಅಂಕಿ ಆ ದಿನವೇ ಜಿಗಿಯಬೇಕೆಂದಿಲ್ಲ. ಕೆಲವು ವಾರಗಳಲ್ಲಿ ಮೆಲ್ಲನೆ ಏರುವುದುಂಟು. ಮೂರು ವಾರದ ಬಳಿಕ 43 ಬಂದರೆ, ಸತ್ತ ತುದಿಯನ್ನಷ್ಟೇ ತೆಗೆದರೂ ಉಳಿದ ಭಾಗ ಮಾಯುವ ಭರವಸೆ ಇರುತ್ತದೆ. ಅದೇ ಮನುಷ್ಯ, ಅದೇ ಬೆರಳು. ಅಳೆದದ್ದರಿಂದ ಕೆಲಸದ ಕ್ರಮ ಬದಲಾಯಿತು. ಮೊದಲು ರಕ್ತದ ದಾರಿ, ಆಮೇಲೆ ಕತ್ತರಿ.

ಕಾಲನ್ನು ತೆಗೆಯುವುದು ಅನಿವಾರ್ಯವಾದಾಗಲೂ ಈ ಅಳತೆ ನೆರವಾಗುತ್ತದೆ. ಮೊಣಕಾಲಿನ ಕೆಳಗೆ ಅಂಕಿ ಚೆನ್ನಾಗಿದ್ದರೆ ಅಲ್ಲಿಯೇ ತೆಗೆದು ಮೊಣಕಾಲನ್ನು ಉಳಿಸಬಹುದು. ಮೊಣಕಾಲು ಉಳಿದವರು ಕೃತಕ ಕಾಲಿನ ನೆರವಿನಿಂದ ಎಷ್ಟೋ ಕಡಿಮೆ ಶ್ರಮದಲ್ಲಿ ನಡೆಯಬಲ್ಲರು, ತಮ್ಮ ಕಾಯಕಕ್ಕೆ ಮರಳಬಲ್ಲರು.

ಪರೀಕ್ಷೆಯ ಮಿತಿಗಳು

ಯಾವ ಪರೀಕ್ಷೆಯೂ ಸರ್ವಜ್ಞವಲ್ಲ. ಪಾದ ಊದಿಕೊಂಡಿದ್ದರೆ, ಸುತ್ತಲಿನ ಚರ್ಮ ಸೋಂಕಿನಿಂದ ಕೆಂಪೇರಿದ್ದರೆ, ಚರ್ಮ ದಡ್ಡುಗಟ್ಟಿದ್ದರೆ ರಕ್ತ ಸಾಕಷ್ಟಿದ್ದರೂ ಅಂಕಿ ಕಡಿಮೆ ಬರುತ್ತದೆ. ಒಂದೇ ಪಾದದಲ್ಲಿ ಒಂದೆಡೆ 20, ಇನ್ನೊಂದೆಡೆ 40 ಬರಬಹುದು. ಆದುದರಿಂದ ವೈದ್ಯರು ಒಂದು ಅಂಕಿಯನ್ನು ಹಿಡಿದು ತೀರ್ಪು ಕೊಡುವುದಿಲ್ಲ. ನಾಡಿ, ಪಟ್ಟಿ, ಡಾಪ್ಲರ್ ಸ್ಕ್ಯಾನ್, ಗಾಯದ ರೂಪ ಇವೆಲ್ಲವನ್ನೂ ಜೊತೆಗಿಟ್ಟು ನೋಡುತ್ತಾರೆ. ಅಂಕಿ ಎಲ್ಲಿ ಅಡಚಣೆ ಇದೆ ಎಂದು ತೋರಿಸುವುದಿಲ್ಲ. ಅದಕ್ಕೆ ರಕ್ತನಾಳಗಳ ಚಿತ್ರವೇ ಬೇಕು.

ಈ ಉಪಕರಣ ಎಲ್ಲ ಊರುಗಳಲ್ಲಿ ಇರುವುದಿಲ್ಲ. ರಕ್ತನಾಳ ಶಸ್ತ್ರಚಿಕಿತ್ಸೆಯ ವಿಭಾಗ, ಮಧುಮೇಹಿ ಪಾದದ ವಿಭಾಗ ಅಥವಾ ಒತ್ತಡದ ಆಮ್ಲಜನಕ ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಿ ನೋಡಬೇಕು. ಇಲ್ಲದಿದ್ದರೆ ಎದೆಗುಂದಬೇಕಾಗಿಲ್ಲ. ಡಾಪ್ಲರ್ ಮತ್ತು ಕಾಲ್ಬೆರಳಿನ ಒತ್ತಡದ ಪರೀಕ್ಷೆಗಳೂ ಇದೇ ಪ್ರಶ್ನೆಗೆ ಉತ್ತರ ಕೊಡಬಲ್ಲವು. ಮುಖ್ಯವಾದುದು ಯಂತ್ರವಲ್ಲ, ಪಾದಕ್ಕೆ ರಕ್ತ ಎಷ್ಟು ಬರುತ್ತಿದೆ ಎಂಬ ಪ್ರಶ್ನೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಗಾಯದಿಂದ ದುರ್ವಾಸನೆ, ಕೀವು, ಚಳಿಜ್ವರ, ವೇಗವಾಗಿ ಏರುವ ಕೆಂಪು ಅಥವಾ ಊತ ಇದ್ದರೆ ಅದು ತುರ್ತುಸ್ಥಿತಿ. ಆಗ ಸೋಂಕನ್ನು ಒಡನೆ ಹೊರಹಾಕದಿದ್ದರೆ ಪ್ರಾಣಕ್ಕೇ ಅಪಾಯ. ಅಂಥ ಹೊತ್ತಿನಲ್ಲಿ ಪರೀಕ್ಷೆಗಾಗಿ ಕಾಯುತ್ತ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. ಹಾಗೆಯೇ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ತೀವ್ರವಾಗಿ ನೋಯತೊಡಗಿದರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು.

ವೈದ್ಯರನ್ನು ಕೇಳಬೇಕಾದ ಮಾತುಗಳು

ವೈದ್ಯರ ಮುಂದೆ ಪ್ರಶ್ನೆ ಕೇಳಲು ನಮ್ಮ ಹಿರಿಯರು ಸಂಕೋಚಪಡುತ್ತಾರೆ. ವಿನಯದಿಂದ ಕೇಳಿದ ಪ್ರಶ್ನೆ ಯಾವ ವೈದ್ಯರಿಗೂ ಅವಮಾನವಲ್ಲ. ಪಾದದ ಗಾಯ ಎರಡು ವಾರಗಳಲ್ಲಿ ಸುಧಾರಿಸದಿದ್ದರೆ, ಅಥವಾ ಬೆರಳು ತೆಗೆಯಬೇಕೆಂಬ ಮಾತು ಬಂದರೆ, ಜೊತೆಗೆ ಹೋದವರು ಈ ನಾಲ್ಕನ್ನು ಕೇಳಿರಿ.

1. “ಡಾಕ್ಟರೇ, ಈ ಪಾದಕ್ಕೆ ರಕ್ತ ಎಷ್ಟು ಬರುತ್ತಿದೆ ಎಂದು ಅಳೆದಿದ್ದೀರಾ?”

2. “ರಕ್ತನಾಳ ಮುಚ್ಚಿದ್ದರೆ, ಬೆರಳು ತೆಗೆಯುವ ಮೊದಲೇ ಅದನ್ನು ತೆರೆಯಲು ಸಾಧ್ಯವೇ?”

3. “ರಕ್ತನಾಳದ ತಜ್ಞರಿಗೆ ಒಮ್ಮೆ ತೋರಿಸಬಹುದೇ?”

4. “ತೆಗೆಯಲೇಬೇಕಾದರೆ, ಯಾವ ಮಟ್ಟದಲ್ಲಿ ತೆಗೆದರೆ ಗಾಯ ಮಾಯುತ್ತದೆ?”

ನಿತ್ಯದ ಪಾದರಕ್ಷಣೆ

ಪರೀಕ್ಷೆಯ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಮಧುಮೇಹವಿರುವ ಭಕ್ತರು ಪ್ರತಿ ರಾತ್ರಿ ಮಲಗುವ ಮುನ್ನ ಎರಡೂ ಪಾದಗಳನ್ನು ನೋಡಿಕೊಳ್ಳಬೇಕು. ಬಾಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಲಿ, ಇಲ್ಲವೇ ಮನೆಯವರು ನೋಡಲಿ. ಬೆರಳುಗಳ ಸಂದಿ, ಹಿಮ್ಮಡಿಯ ಒಡಕು, ಅಂಗಾಲಿನ ಆಣಿ ಇವನ್ನು ವಿಶೇಷವಾಗಿ ಗಮನಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಗಾಯಕ್ಕೆ ಸುಣ್ಣ, ತಂಬಾಕು, ಬೂದಿ ಮೆತ್ತಬಾರದು. ಪಾದ ತಣ್ಣಗಿದೆ ಎಂದು ಬಿಸಿನೀರಿನ ಚೀಲ ಇಡಬಾರದು. ಜಡವಾದ ಪಾದಕ್ಕೆ ಸುಟ್ಟದ್ದು ತಿಳಿಯುವುದಿಲ್ಲ, ಬಡವಾದ ರಕ್ತಸಂಚಾರಕ್ಕೆ ಸುಟ್ಟ ಗಾಯವನ್ನು ಮಾಯಿಸಲು ಆಗುವುದಿಲ್ಲ. ತಂಬಾಕನ್ನು ಯಾವ ರೂಪದಲ್ಲಿಯೂ ಮುಟ್ಟದಿರುವುದು ಪಾದಕ್ಕೆ ನಾವು ಮಾಡಬಹುದಾದ ಬಹುದೊಡ್ಡ ಉಪಕಾರ.

ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಳ್ಳುವವರಿಗೆ ಒಂದು ವಿಶೇಷ ವಿನಂತಿ. ಬೇಸಿಗೆಯ ಡಾಂಬರು ರಸ್ತೆಯಲ್ಲಿ ಬರಿಗಾಲಿನ ನಡಿಗೆ ಮಧುಮೇಹಿಗಳಿಗೆ ತಕ್ಕುದಲ್ಲ. ಹೊರಡುವ ಒಂದು ತಿಂಗಳ ಮೊದಲೇ ಪಾದದ ಸ್ಪರ್ಶಜ್ಞಾನ ಮತ್ತು ನಾಡಿಗಳನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಿರಿ. ಈಗಾಗಲೇ ಬಳಸಿ ಒಗ್ಗಿದ ಬೂಟು ಹಾಗೂ ಹತ್ತಿಯ ಕಾಲುಚೀಲ ಧರಿಸಿರಿ, ಪ್ರತಿ ತಂಗುದಾಣದಲ್ಲಿ ಅವುಗಳನ್ನು ಕಳಚಿ ಪಾದ ನೋಡಿರಿ. ಪಾದದಲ್ಲಿ ಗಾಯವಿದ್ದರೆ ಈ ವರ್ಷ ವಾಹನದಲ್ಲಿ ಹೋಗಿ ಬನ್ನಿರಿ. ಮಠ, ಮಂದಿರಗಳಲ್ಲಿ ಪಾದರಕ್ಷೆ ಬಿಡಬೇಕಾದ ಕಡೆಯಲ್ಲಿ ಕಾಲುಚೀಲವನ್ನಾದರೂ ಉಳಿಸಿಕೊಳ್ಳಲು ಕೇಳಿಕೊಳ್ಳಬಹುದು. ನಡುಹಗಲಿನ ಬಿಸಿಲಿಗೆ ಕಾದ ಹಾಸುಗಲ್ಲಿನಿಂದ ದೂರವಿರಬೇಕು.

ಬಂಧುಗಳೇ, ಬೆರಳಿಗೆ ಸಿಕ್ಕಿಸುವ ಉಪಕರಣವನ್ನು ಎಸೆಯಬೇಕಾಗಿಲ್ಲ. ಅದು ಶ್ವಾಸಕೋಶದ ಸುದ್ದಿಯನ್ನು ಹೇಳಲಿ. ಪಾದದ ಸುದ್ದಿಯನ್ನು ಪಾದದಲ್ಲಿಯೇ ಕೇಳಬೇಕು. ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಪಾದಗಳನ್ನೊಮ್ಮೆ, ಮನೆಯ ಹಿರಿಯರ ಪಾದಗಳನ್ನೊಮ್ಮೆ ದೀಪದ ಬೆಳಕಿನಲ್ಲಿ ನೋಡಿರಿ. ಮಾಯದ ಗಾಯವೊಂದು ಕಂಡರೆ ಮುಂದಿನ ಅಮಾವಾಸ್ಯೆ ಕಳೆಯಲಿ, ಸುಗ್ಗಿ ಮುಗಿಯಲಿ ಎಂದು ಕಾಯದೆ, ನಾಳೆಯೇ ವೈದ್ಯರ ಬಳಿಗೆ ಹೊರಡಿರಿ.